ಲಾಂಚಿನ ಹೊಸ್ತಿಲು

ಹೊಳೆ ದಾಟಿಸುವ ಲಾಂಚ್ ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಅವನಿಗೆ ಜೊತೆಯವರು ಇಟ್ಟ ಹೆಸರು, ಮೂಲೆಯ ನೇರ ಅಳೆಯುವ ಸಲಕರಣೆಯದು: ಮೂಲೆಮಟ್ಟ. "ನಿನ್ನ ಗೆರೆಗಳೆಲ್ಲ ನೆಟ್ಟಗೆ, ಬೈತಲೆ ಮಾತ್ರ ಸೊಟ್ಟ ಕಣೋ" ಎಂದು ಅಕ್ಕ ರೇಗಿಸುತ್ತಿದ್ದಳು. ಅದು ಅವಳು ನಗುತ್ತಿದ್ದ ಕಾಲದ ಮಾತು.

ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅಕ್ಕನದು ಗಾಲಿಕುರ್ಚಿಯ ಬಾಳು. ಕೂತು ಕೂತು ಬೆನ್ನ ಬುಡದಲ್ಲಿ ಹುಣ್ಣಾಗಿತ್ತು. ಆಸ್ಪತ್ರೆ ಆಚೆ ದಡದಲ್ಲಿ. ಹಳೇ ಲಾಂಚಿನ ಆಳುಗಳು ಅವಳನ್ನು ಮೂಟೆ ಎತ್ತಿದ ಹಾಗೆ ಎತ್ತುತ್ತಿದ್ದರು. ಒಮ್ಮೆ ಹಾಗೆ ಎತ್ತುವಾಗ ಬಟ್ಟೆ ಜಾರಿತು, ಯಾರೋ ಕಿಸಕ್ಕೆಂದರು. ಅಂದೇ ಹಟ ಹಿಡಿದಳು: "ಸತ್ತ ಮೇಲೆ ಹೇಗೂ ನಾಲ್ಕು ಜನ ಎತ್ತುತ್ತಾರೆ. ಅಲ್ಲೀವರೆಗೆ ಯಾರೂ ನನ್ನ ಎತ್ತಬೇಡಿ." ಹುಣ್ಣು ಮೂಳೆಗೆ ಇಳಿಯುತ್ತಿದೆ, ತಡಮಾಡಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿಕಳಿಸಿದರೂ ಜಗ್ಗಲಿಲ್ಲ.

ಆಗಲೇ ಹೊಸ ಲಾಂಚಿನ ಕೆಲಸ ಬಂತು. ಮೂಲೆಮಟ್ಟ ಯಜಮಾನರಿಗೆ ದಮ್ಮಯ್ಯ ಅಂದು ಒಪ್ಪಿಸಿದ. ನೀರು ಏರಲಿ ಇಳಿಯಲಿ, ಕಡಿದಾಗದಂಥ ಹತ್ತುವ ಹಲಗೆ. ಅಗಲವಾದ ಬಾಗಿಲು. ಒಳಗೆ ಕುರ್ಚಿ ಬಿಗಿಯಲು ಕೊಂಡಿ, ಕುರ್ಚಿ ತಿರುಗಿಸುವಷ್ಟು ಜಾಗವಿರುವ ಶೌಚಾಲಯ. ಗೆರೆ ಎಳೆಯುವಾಗಲೆಲ್ಲ ಹುಣ್ಣಿನ ವಾಸನೆ ಮೂಗಿಗೆ ಅಡರಿದಂತಾಗುತ್ತಿತ್ತು. "ನೀನೇ ತಳ್ಕೊಂಡು ಒಳಗೆ ಹೋಗ್ತೀಯಕ್ಕ, ನನ್ನಾಣೆ" ಎಂದ. ಅವಳು ಒಪ್ಪಿದಳು.

ಲಾಂಚ್ ಹೊರಡುವ ಮೊದಲ ದಿನ ಅಕ್ಕ ಸರಾಗವಾಗಿ ಹಲಗೆ ಏರಿದಳು. ಒಳಗೆ ಕಾಯುತ್ತಿದ್ದ ಅವನ ಕಣ್ಣು ತುಂಬಿತು. ಬಾಗಿಲಲ್ಲಿ ಕುರ್ಚಿ ಢಕ್ಕೆಂದು ನಿಂತಿತು. ಅಡ್ಡಲಾಗಿ ಗೇಣೆತ್ತರದ ಕಬ್ಬಿಣದ ಹೊಸ್ತಿಲು.

"ಇದನ್ನ ಯಾರು ಹಾಕಿದ್ದು?" ಅವನು ಕಿರುಚಿದ.

ವೆಲ್ಡರ್ ಕಕ್ಕಾಬಿಕ್ಕಿಯಾದ. "ಹಾಕದೇ ಇರ್ತಾರಾ? ನೀರು ಒಳಗೆ ನುಗ್ಗಲ್ವಾ? ನೀವು ಯಾವತ್ತು ನಕ್ಷೇಲಿ ಬರೆದಿದ್ದೀರಿ ಹೇಳಿ, ನಾವೇ ಹಾಕ್ತೀವಲ್ಲ."

ನಿಜ. ಹೊಸ್ತಿಲಿಲ್ಲದ ಲಾಂಚಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. ಬೇಡವೆಂದಾದರೂ ಅವನು ಬರೆಯಬೇಕಿತ್ತು. ಕಟ್ಟುವಾಗ ದಿನಾ ಬಂದು ನೋಡಿದವನಿಗೆ ಅದು ಹೊಳೆದೇ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಒಂದೇ ಗೇಣು ಅಕ್ಕಾ, ಎತ್ತಿಬಿಡ್ತೀವಿ" ಎಂದು ಆಳುಗಳು ಕೈ ಚಾಚಿದರು.

"ಇವತ್ತೊಂದು ದಿನ ಎತ್ತಿಸ್ಕೋ, ನಿನ್ನ ಕಾಲಿಗೆ ಬೀಳ್ತೀನಿ." ಅವನು ಎಲ್ಲರೆದುರೇ ಅತ್ತುಬಿಟ್ಟ.

"ಬಿಡೋ. ನೀನೂ ಕಾಲಲ್ಲಿ ನಡೆಯೋನೇ ತಾನೇ" ಎಂದಳು ಅಕ್ಕ. ಕುರ್ಚಿ ತಿರುಗಿಸಿ ಹಲಗೆಯತ್ತ ಹೊರಟಳು.

"ಅಕ್ಕಾ!" ಎಂದು ಅವನು ಹಿಂದೆಯೇ ಓಡಿದ. ಹೊಸ್ತಿಲ ಬಳಿ ಅವನ ಕಾಲು, ಅವನನ್ನು ಕೇಳದೆ, ತಾನಾಗಿಯೇ ಮೇಲೆದ್ದು ದಾಟಿತು.