ಮೊದಲ ಮಳೆಯ ನೀರು

ಗಣಿ ನಿಂತು, ಗೋವಾದ ಡಿಚೋಲಿಯ ರಸ್ತೆಯಲ್ಲಿ ಲಾರಿಗಳ ಗದ್ದಲವೇ ಅಡಗಿಹೋದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಬಾತುಕೋಳಿಯದೇ ಮಾತು. ಲಾರಿ ಓಡಿಸುತ್ತಿದ್ದ ಅಪ್ಪನಿಗೆ ಕೆಲಸ ಹೋಗಿತ್ತು. ಮಗ್ಗುಲ ಮನೆಯ ಶೇವಂತಿ ಮಾವಶಿ ಪಾಳುಬಿದ್ದ ತಮ್ಮ ಗದ್ದೆಯನ್ನು ಮಾಡಿಕೊಂಡು ತಿನ್ನಿ ಎಂದು ಬಿಟ್ಟುಕೊಟ್ಟಿದ್ದರು. ಇದು ಕೈಹಿಡಿಯದಿದ್ದರೆ ಅಪ್ಪ ದೂರದ ವೆರ್ಣಾದ ಫ್ಯಾಕ್ಟರಿಗೆ ಸೇರಿ ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿಯಬೇಕು. ನನಗೆ ಅದೊಂದೇ ಹೆದರಿಕೆ.

ಅಪ್ಪ ಹೊಂಡ ತೋಡಿದ, ಮೀನುಮರಿ ಬಿಟ್ಟ, ಮೇಲೆ ಬಿದಿರಿನ ಗೂಡು ಕಟ್ಟಿ ಬಾತು ಸಾಕಿದ. ಬಾತಿನ ಹಿಕ್ಕೆ ಮೀನಿಗೆ, ಹೊಂಡದ ನೀರು ಬದನೆಯ ಮಡಿಗೆ, ಕಿತ್ತ ಕಳೆ ಎಮ್ಮೆಗೆ, ಸಗಣಿ ಮತ್ತೆ ಹೊಂಡಕ್ಕೆ. "ಏನೂ ಚೆಲ್ಲಬ್ಯಾಡ್ರಿ, ಎಲ್ಲಾದಕ್ಕೂ ಉಣ್ಣೋರು ಅದಾರ," ಎನ್ನುತ್ತಿದ್ದಳು ಅವ್ವ. ಶಾಲೆಯಿಂದ ಬಂದವಳೇ ನಾನು ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಾತುಗಳ ಹಿಂದೆ ಏರಿಯ ಮೇಲೆ ಓಡುತ್ತಿದ್ದೆ. ಸಗಣಿ, ಕೆಸರಿನ ವಾಸನೆ ಅಪ್ಪನ ಅಂಗಿಗೂ ಹತ್ತಿತ್ತು. ಆಹಾ, ಎಂಥ ಸುಖ!

ಬೇಸಿಗೆಯ ಕೊನೆಗೆ ಹೊಂಡದ ನೀರು ತಳಕ್ಕಿಳಿಯಿತು. ಒಂದು ಮಧ್ಯಾಹ್ನ ಮಳೆ ಸುರಿಯಿತು ನೋಡಿ! ನಮ್ಮದು ವಿಜಯಪುರದ ಕಡೆಯ ಒಣ ಸೀಮೆ. ಅಲ್ಲಿ ಮೊದಲ ಮಳೆಯ ಒಂದು ಹನಿಯನ್ನೂ ಹರಿದುಹೋಗಲು ಬಿಡುವುದಿಲ್ಲ. ಅಪ್ಪ ಸಲಿಕೆ ಹಿಡಿದು ಓಡಿ, ಕಾಲುವೆಯ ಒಡ್ಡು ಒಡೆದು ನೀರನ್ನು ಹೊಂಡಕ್ಕೆ ತಿರುಗಿಸಿದ. "ಬಾ ನಮ್ಮವ್ವಾ, ಬಾ!" ಎಂದು ಮಳೆಯಲ್ಲೇ ಕುಣಿದ.

"ಸಾಕು, ಒಳಗ ಬರ್ರಿ, ಥಂಡಿ ಹಿಡಿತೈತಿ!" ಎಂದು ಅವ್ವ ನಗುತ್ತ ಕೂಗಿದಳು.

ಗುಡ್ಡದ ಗಣಿಮಣ್ಣಿನ ರಾಶಿಯನ್ನು ತೊಳೆದುಕೊಂಡು ಬಂದ ನೀರು ಅದು. ಬೆಳಗಾಗುವಷ್ಟರಲ್ಲಿ ಹೊಂಡವೆಲ್ಲ ಕೆಂಪು ರಾಡಿ. ಮೀನುಗಳು ಸತ್ತು ತೇಲುತ್ತಿದ್ದವು. ಉಕ್ಕಿದ ರಾಡಿ ಮಡಿಗಳನ್ನೂ ಮುಚ್ಚಿತ್ತು. ಮಾವಶಿ ಬಂದು ಹಣೆ ಚಚ್ಚಿಕೊಂಡರು. ಇಲ್ಲಿ ಮೊದಲ ಮಳೆಯ ನೀರನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಳ್ಳಕ್ಕೆ ಹರಿಸುತ್ತಾರೆ ಎಂದು ಕೊಂಕಣಿಯಲ್ಲಿ ಹೇಳಿ ಅತ್ತರು. ಊರಿಗೆಲ್ಲ ಗೊತ್ತಿದ್ದ ಈ ಮಾತನ್ನು ನಮಗೆ ಬಿಡಿಸಿ ಹೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಮಳಿ ಬಂತಂತ ಒಳಗ ಕರಕೊಂಡ್ನಿರಿ, ಮಾವಶಿ," ಎಂದ ಅಪ್ಪ.

ಆ ಮಳೆಗಾಲದಲ್ಲೇ ಅಪ್ಪ ವೆರ್ಣಾದ ಕಂಪನಿ ಬಸ್ಸು ಹತ್ತಿದ. ಎಮ್ಮೆ ಮಾರಿದೆವು, ಬಾತುಗಳೂ ಹೋದವು. ಅಪರೂಪಕ್ಕೆ ಮನೆಗೆ ಬರುತ್ತಿದ್ದ ಅಪ್ಪನ ಅಂಗಿಯಲ್ಲಿ ಮಷಿನ್ ಎಣ್ಣೆಯ ವಾಸನೆ. ಎಷ್ಟು ಮೂಸಿದರೂ ಹಳೆಯ ಅಪ್ಪ ಸಿಗುತ್ತಿರಲಿಲ್ಲ.

ಈಗ ನಾವೆಲ್ಲ ವೆರ್ಣಾದಲ್ಲೇ, ಒಂದೇ ಖೋಲಿಯಲ್ಲಿದ್ದೇವೆ. ಈ ವರ್ಷ ಮೊದಲ ಮಳೆ ಬಂದಾಗ ಓಣಿಯ ಮಕ್ಕಳೆಲ್ಲ ಕುಣಿಯುತ್ತಿದ್ದರು. "ಅಪ್ಪಾ, ಹೊರಗ ಬಾ, ಮಳಿ ಬಂತು!" ಎಂದೆ.

ಅಪ್ಪ ಎದ್ದು ಹೋಗಿ ಕಿಟಕಿ ಮುಚ್ಚಿದ.