ವೈನಿಯ ಗುಳಿಗೆ, ನನ್ನ ಬೀಗದಕೈ

ಲಿಂಬೆಯ ಕಾಲ ಬಂದರೆ ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಈಗಲೂ ಹುಳಿ ವಾಸನೆ ಏಳುತ್ತದೆ. ಹೆಚ್ಚುವವಳು ನಾನು. ಹೋಳು ಒಂದು ದೊಡ್ಡದು, ಒಂದು ಸಣ್ಣದು. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಇದ್ದಾಗ ಈಳಿಗೆಯ ಮುಂದೆ ನನ್ನನ್ನು ಕೂರಲೂ ಬಿಡುತ್ತಿರಲಿಲ್ಲ. "ನೀ ಸಾಲ್ಯಾಗ ಬೋರ್ಡಿನ ಮ್ಯಾಲ ಬರಿ ತಂಗಿ, ಇದು ನಿನ್ನ ಕೆಲಸ ಅಲ್ಲ" ಎಂದು ನಗುತ್ತಿದ್ದರು. ಅವರು ಹೋಗಿ ಮೂರು ವರ್ಷವಾಯಿತು.

ಅಣ್ಣ ಎಚ್‌ಐವಿಯಿಂದ ತೀರಿಕೊಂಡ ಮೇಲೆ ವೈನಿಗೂ ಅದು ಇರುವುದು ತಿಳಿಯಿತು. ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಮದುವೆಯಾಗದೆ ಊರ ಶಾಲೆಯಲ್ಲಿ ಕಲಿಸಿಕೊಂಡಿದ್ದವಳು. ವೈನಿ ತಿಂಗಳಿಗೊಮ್ಮೆ ವಿಜಯಪುರದ ಬಸ್ಸು ಹತ್ತಿ ಗುಳಿಗೆ ತರುತ್ತಿದ್ದರು. ಸಂಜೆ ದೇವರಿಗೆ ದೀಪ ಹಚ್ಚಿ, ಕೈ ಮುಗಿದು, ಅಲ್ಲೇ ನಿಂತು ಒಂದು ಗುಳಿಗೆ ನುಂಗುವುದು ಅವರ ರೂಢಿ. ರೋಗದ ವಿಷಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ; ಡಬ್ಬಿ ಸದ್ದು ಮಾಡಬಾರದೆಂದು ಒಳಗೆ ಹತ್ತಿ ತುರುಕಿರುತ್ತಿದ್ದರು. ಯಕೃತ್ತಿನಲ್ಲಿ ಇನ್ನೊಂದು ವೈರಸ್, ಹೆಪಟೈಟಿಸ್ ಬಿ ಕೂಡ ಇದೆ ಎಂದು ಡಾಕ್ಟರು ಒಮ್ಮೆ ಹೇಳಿದ್ದರಂತೆ. ಆದರೆ ಅದಕ್ಕೆ ಬೇರೆ ಗುಳಿಗೆ ಕೊಟ್ಟಿರಲಿಲ್ಲ. ಔಷಧವನ್ನೇ ಕೊಡದ ರೋಗ ಏನು ಮಹಾ ಎಂದು ನಾನು ಅದನ್ನು ಮರೆತೇಬಿಟ್ಟೆ.

ಆಮೇಲೆ ಸಿಂದಗಿಯಲ್ಲಿ ವೈನಿಯ ತಮ್ಮನ ಮಗಳ ಮದುವೆ ಬಂತು. ಹಪ್ಪಳ, ಸಂಡಿಗೆ, ಶಾವಿಗೆ ಎಲ್ಲಕ್ಕೂ ವೈನಿಯ ಕೈಯೇ ಆಗಬೇಕು. ಎರಡು ತಿಂಗಳು ಮೊದಲೇ ತವರಿನವರು ಕರೆದೊಯ್ಯಲು ಬಂದರು. ವೈನಿ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವಾಗ ತಡೆದವಳು ನಾನೇ.

"ಹೆಣ್ಮಕ್ಕಳೆಲ್ಲ ಒಂದ ಖೋಲ್ಯಾಗ ಮಲಗತೀರಿ. ಯಾರರ ನೋಡಿದ್ರ? ಇಷ್ಟ ದಿನಕ್ಕ ಏನೂ ಆಗಂಗಿಲ್ರಿ ವೈನಿ" ಎಂದೆ. ನಮ್ಮ ಮನೆಯಲ್ಲಿ ನಾನು ಹೇಳಿದ್ದೇ ಕೊನೆಯ ಮಾತು.

ಮದುವೆ ಮುಗಿಸಿ ಬಂದಾಗ ವೈನಿಯ ಕಣ್ಣು ಹಳದಿಯಾಗಿತ್ತು. "ಕಾಮಣಿ ಆಗೈತಿ" ಎಂದಳು ಪಕ್ಕದ ಮನೆಯಾಕೆ. ಕಾಮಣಿಗೆ, ಅಂದರೆ ಕಾಮಾಲೆಗೆ, ನಮ್ಮಲ್ಲಿ ಯಾರೂ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ. ಹೊರ್ತಿಯ ಆಚೆ ಒಂದು ಹಳ್ಳಿಯಲ್ಲಿ ಮುದುಕರೊಬ್ಬರು ರವಿವಾರ ನಸುಕಿನಲ್ಲಿ, ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕೊಡುತ್ತಾರೆ. ಟೆಂಪೊದಲ್ಲಿ ಕರೆದುಕೊಂಡು ಹೋಗಿ ಕುಡಿಸಿಕೊಂಡು ಬಂದೆ. ಇಪ್ಪತ್ತೊಂದು ದಿನ ಪಥ್ಯ. ಎಣ್ಣೆಯಿಲ್ಲ, ಖಾರವಿಲ್ಲ, ಬರೀ ಮಜ್ಜಿಗೆ ಅನ್ನ. ಬೇರೆ ಯಾವ ಔಷಧವೂ ಹೊಟ್ಟೆಗೆ ಹೋಗಕೂಡದು. ಇಂಥ ನಿಯಮ ನನ್ನಂಥವಳ ಕೈಗೆ ಸಿಕ್ಕರೆ ಕೇಳಬೇಕೆ? ಗುಳಿಗೆಯ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸಂಜೆ ದೀಪ ಹಚ್ಚಿದ ಮೇಲೆ ವೈನಿ ಅಂಗೈ ಚಾಚಿ ನಿಲ್ಲುತ್ತಿದ್ದರು. "ಒಂದ ಗುಳಿಗಿ ಕೊಡು ತಂಗಿ. ಯಾಕೋ ಸಮಾಧಾನ ಇಲ್ಲ."

"ಪಥ್ಯ ಕೆಡತೈತಿ. ಇನ್ನೊಂದ ಎಂಟ ದಿನ ತಡೀರಿ" ಎನ್ನುತ್ತಿದ್ದೆ. ಅವರು ಕೈ ಹಿಂದೆ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು.

ಹದಿನಾಲ್ಕನೆಯ ದಿನ ವೈನಿಗೆ ಏಳಲಾಗಲಿಲ್ಲ, ಮಾತು ತೊದಲುತ್ತಿತ್ತು. ವಿಜಯಪುರಕ್ಕೆ ಒಯ್ದೆ. ಅಲ್ಲಿನ ಡಾಕ್ಟರಮ್ಮ ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿದರು.

"ದಿನದ ಗುಳಿಗಿ ಬಿಟ್ಟಿದ್ರೇನು? ಆ ಒಂದ ಗುಳಿಗಿ ಎರಡೂ ವೈರಸ್ ಹಿಡದ ಇಟ್ಟಿತ್ರಿ. ಅದನ್ನ ಬಿಟ್ರ ಯಕೃತ್ತಿನ್ಯಾಗಿನ ರೋಗ ಒಮ್ಮೆಲೆ ಏಳತೈತಿ. ಯಾರು ಬಿಡಿಸಿದ್ರು?"

ಮಂಚದ ಮೇಲಿಂದ ವೈನಿ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಯಾರೂ ಬಿಡಿಸಿಲ್ರಿ. ನಾನ ಮರತೇನ್ರಿ."

ಡಾಕ್ಟರಮ್ಮ ಅವರನ್ನೇ ಬೈದರು, ಪಾಠ ಬರೆಯದ ಮಕ್ಕಳನ್ನು ನಾನು ಬೈಯುವ ಹಾಗೆ. ನಾನು ತುಟಿ ಬಿಚ್ಚಲಿಲ್ಲ. ಬೀಗದಕೈ ಆಗಲೂ ನನ್ನ ಸೊಂಟದಲ್ಲೇ ಇತ್ತು. ಅಷ್ಟು ಹೇಡಿ ನಾನು.

ವೈನಿ ಆ ಸಲ ಉಳಿದರು. ಮತ್ತೆ ನಾಲ್ಕು ವರ್ಷ ಬದುಕಿದರು. ಆದರೆ ಯಕೃತ್ತು ಮೊದಲಿನ ಹಾಗೆ ಆಗಲೇ ಇಲ್ಲ, ಕೊನೆಗೆ ಅದೇ ಅವರನ್ನು ಒಯ್ದಿತು. ಆಗಲೂ ಲಿಂಬೆ ಹೆಚ್ಚುತ್ತಿದ್ದರು, ಉಪ್ಪಿನಕಾಯಿ ಹಾಕುತ್ತಿದ್ದರು. ಡಾಕ್ಟರು ಉಪ್ಪು ಬಿಡಿಸಿದ್ದರಿಂದ ತಾವು ಮಾತ್ರ ತಿನ್ನುವಂತಿರಲಿಲ್ಲ. ಹಾಗೆ ಹೆಚ್ಚುತ್ತಾ ಕೂತಿದ್ದಾಗ ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ: "ದವಾಖಾನ್ಯಾಗ ಅವತ್ತ ಯಾಕ ಸುಳ್ಳ ಹೇಳಿದ್ರಿ ವೈನಿ?"

"ನೀ ಸಾಲಿ ಕಲಿಸೋ ಅಕ್ಕೋರು. ನಾಕ ಮಂದಿ ಮುಂದ ಬೈಸಿಕೊಂಡಿದ್ರ, ಮರುದಿನ ಸಾಲ್ಯಾಗ ಹುಡುಗರಿಗೆ ಹೆಂಗ ಬೈತಿದ್ದಿ?" ಎಂದು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ. ಲಿಂಬೆಯ ರಸ ಕಣ್ಣಿಗೆ ಸಿಡಿಯಿತೇನು ಎಂದು ಸೆರಗಿನಿಂದ ಒರೆಸಿದರು.

ಆಸ್ಪತ್ರೆಯಿಂದ ಬಂದ ಮೇಲೆ ಕಪಾಟಿಗೆ ನಾನು ಬೀಗ ಹಾಕಲೇ ಇಲ್ಲ. ಡಬ್ಬಿ ಅವರ ಕೈಗೆ ಸಿಗುವಂತೆ ದೇವರ ಗೂಡಿನಲ್ಲೇ ಇರುತ್ತಿತ್ತು. ಆದರೂ ಆ ನಾಲ್ಕು ವರ್ಷ ವೈನಿ ಒಂದು ಸಂಜೆಯೂ ಅದನ್ನು ತಾವಾಗಿ ತೆಗೆಯಲಿಲ್ಲ. ದೀಪ ಹಚ್ಚಿ, ನನ್ನ ಕಡೆ ತಿರುಗಿ, ಅಂಗೈ ಚಾಚಿ ನಿಲ್ಲುತ್ತಿದ್ದರು, ಗುಳಿಗೆಯನ್ನು ನಾನೇ ಕೊಡಲಿ ಎಂದು.