ಮಹಾನಂದಾ ಅಕ್ಕೋರು ಕಲಿಸಿದ ಬಲ

ಮಹಾನಂದಾ ಅಕ್ಕೋರ ವಿಜ್ಞಾನದ ಪಾಠವೆಂದರೆ ಪಕ್ಕದ ಕೋಣೆಯ ನನಗೆ ಶಿಕ್ಷೆ. ನಾನು ಕನ್ನಡ ಮಾಸ್ತರ. ಪದ್ಯಕ್ಕೆ ರಾಗ ಹಚ್ಚುವಷ್ಟರಲ್ಲಿ ಗೋಡೆಯಾಚೆ ಇಟ್ಟಂಗಿ ಧೊಪ್ಪೆಂದು ಬೀಳುತ್ತಿತ್ತು, ಮಕ್ಕಳು ಕಿರುಚುತ್ತಿದ್ದರು. ಇಟ್ಟಂಗಿಯನ್ನು ಮೊದಲು ಮೊಣಕಾಲೆತ್ತರದಿಂದ, ಆಮೇಲೆ ಮೇಜು ಹತ್ತಿ ಹಸಿಮಣ್ಣಿನ ಮೇಲೆ ಬಿಟ್ಟು, ಯಾವ ತಗ್ಗು ಹೆಚ್ಚು ಆಳ ಎಂದು ಮಕ್ಕಳಿಂದ ಬೆರಳು ತೂರಿಸಿ ನೋಡಿಸುವರು. ಚಲನೆ, ಬಲ, ಶಕ್ತಿ ಎಲ್ಲವನ್ನೂ ಆಕೆ ಜಗಳಕ್ಕೆ ನಿಂತವರ ಹಾಗೆಯೇ ಕಲಿಸುತ್ತಿದ್ದರು.

ನಮ್ಮದು ಯರಗಟ್ಟಿಯಿಂದ ಒಳಗೆ, ಕಾಲುವೆ ನೀರುಣ್ಣುವ ಊರು. ಆಕೆ ನೇಸರಗಿಯವರು. ಅವರ ಎಡಹುಬ್ಬು ನಡುವೆ ಸೀಳಿದೆ. ಅವರಪ್ಪ ಪರಸಪ್ಪನಿಗೆ ತೆರಬಂಡಿಯ ಹುಚ್ಚು. ಗಾಲಿ ಉರುಳದಂತೆ ಬಿಗಿದು, ಮರಳಿನ ಚೀಲ ಹೇರಿ, ಆ ಬಂಡಿಯನ್ನು ಎತ್ತುಗಳಿಂದ ನೆಲ ಕೆರೆಯುತ್ತ ಎಳೆಸುವ ಪಂದ್ಯವದು. ಅಕ್ಕೋರು ಚಿಕ್ಕವರಿದ್ದಾಗ ಒಮ್ಮೆ ಅವನು ಎತ್ತಿಗೆ ಬೀಸಿದ ಬಾರುಕೋಲಿನ ತುದಿ ನೀರು ತಂದು ನಿಂತಿದ್ದ ಮಗಳ ಮುಖಕ್ಕೆ ಬಿತ್ತು. ಪರಸಪ್ಪ ತಿರುಗಿಯೂ ನೋಡಲಿಲ್ಲವಂತೆ. ಬಂಡಿ ಆಗಲೇ ಕದಲಿತ್ತು.

ಹೋದ ವರ್ಷ ಏಳನೇ ತರಗತಿಗೆ ಬಲದ ಪಾಠ ಶುರುಮಾಡುತ್ತ ಅಕ್ಕೋರು ಕೇಳಿದರು: "ನಿಂತ ಬಂಡಿ ಮುಂದಕ್ಕ ಹೋಗಬೇಕಂದ್ರ ಏನ ಬೇಕು?"

"ಬಾರಕೋಲ ರೀ!" ಎಂದಿತು ಇಡೀ ತರಗತಿ. ಗೋಡೆಯಾಚೆ ನಾನು ನಕ್ಕೆ. ಅಕ್ಕೋರು ನಗಲಿಲ್ಲ.

ಮರುದಿನ ಅಂಗಳದಲ್ಲಿ ಮರಳಿನ ಚೀಲಕ್ಕೆ ಎರಡು ಹಗ್ಗ ಕಟ್ಟಿ ಮಕ್ಕಳನ್ನೇ ಎತ್ತು ಮಾಡಿದರು. ಮೊದಲು ಉಳಿದ ಮಕ್ಕಳಿಂದ ಅವರಿಗೆ ಹಿಂದಿನಿಂದ ಒದ್ದೆ ಟಾವೆಲ್ಲಿನಲ್ಲಿ ಹೊಡೆಸಿದರು. ಒಬ್ಬ ಆ ಕಡೆ ಜಗ್ಗಿದ, ಇನ್ನೊಬ್ಬ ಮುಗ್ಗರಿಸಿದ, ಚೀಲ ಅಡ್ಡಡ್ಡ ಹೊರಳಿತು. ಆಮೇಲೆ ಟಾವೆಲ್ ಬದಿಗಿಟ್ಟು, ರೇಣು ಎಂಬ ಹುಡುಗಿಯಿಂದ "ಹೊಯ್" ಎಂದು ಕೂಗಿಸಿ ಎಲ್ಲರಿಂದ ಒಮ್ಮೆಗೇ ಎಳೆಸಿದರು. ಚೀಲ ಸರಸರ ಸಾಗಿತು.

"ಒಂದ ದಿಕ್ಕಿಗೆ, ಒಮ್ಮಿಗೇ ಎಳದ್ರ ಬಲಾ ಕೂಡತೈತಿ. ಅಂಜಿ ಎಳದ್ರ ಒಬ್ಬರ ಬಲಾ ಒಬ್ಬರು ತಿಂತೀರಿ" ಎಂದರು.

ರೇಣುವಿನ ಅಪ್ಪ ಭೀಮಶಿ ಊರಿನ ದೊಡ್ಡ ತೆರಬಂಡಿಗಾರ. ಹುಡುಗಿ ಪಾಠವನ್ನು ಅಕ್ಷರಶಃ ನಂಬಿದಳು. ಸಂಜೆ ಅಪ್ಪನ ಬಾರುಕೋಲನ್ನು ಒಯ್ದು ಕಾಲುವೆಗೆ ಎಸೆದಳು. ಭೀಮಶಿ ಎತ್ತಿನ ಹಗ್ಗದಿಂದಲೇ ಅವಳಿಗೆ ಬಾರಿಸಿದ. ಮರುದಿನ ಬಂದವಳ ಬಲಗೈ ಬಾಸುಂಡೆಯೆದ್ದು ಪೆನ್ನು ಹಿಡಿಯಲಾಗದಂತಿತ್ತು. ಅದರ ಮರುದಿನ ಅವಳು ಬರಲೇ ಇಲ್ಲ. ಅಪ್ಪ ಶಾಲೆ ಬಿಡಿಸಿದ್ದ.

ಗಂಟೆ ಬಾರಿಸಿದ್ದೇ ತಡ, ಅಕ್ಕೋರು ಸೆರಗು ಸಿಕ್ಕಿಸಿ ಭೀಮಶಿಯ ಹೊಲಕ್ಕೆ ಹೊರಟರು. ಯಾರಿಗಾದರೂ ಹೊಡೆದುಬಿಟ್ಟಾರೆಂದು ಹೆದರಿ ನಾನೂ ಹಿಂದೆ ನಡೆದೆ. ಅಲ್ಲಿ ಎತ್ತುಗಳ ತಾಲೀಮು ನಡೆದಿತ್ತು. ಸುತ್ತ ಜನ, ಭೀಮಶಿಯ ಕೈಯಲ್ಲಿ ಹೊಸ ಬಾರುಕೋಲು. ರೇಣು ಎತ್ತುಗಳ ಮುಂದೆ ಮೇವು ಹಿಡಿದು ನಿಂತಿದ್ದಳು.

"ಹುಡುಗಿ ಕೈ ನೋಡೀರೇನ್ರಿ? ಮಗಳನೋ, ದನಾನೋ ಆಕಿ?" ಎಂದು ಅಕ್ಕೋರು ಚೀರಿದರು.

"ಹೊಡದಾಂವ ನಾನs ರೀ. ಹೊಡಸಿದವ್ರು ನೀವು. ಬಾರಕೋಲ ಇಲ್ದನ ಎತ್ತ ಎಳಿತಾವಂತ ನಿಮ್ಮ ಸಾಲ್ಯಾಗ? ಎಳಸ್ರಿ ನೋಡೂಣು. ಎಳದ್ರ ನಾಳಿಂದ ಸಾಲಿಗಿ ಕಳಸ್ತೇನಿ."

ರೇಣು ನೊಗದ ಬಳಿ ಬಂದು "ಹೊಯ್" ಎಂದಳು. ಎತ್ತುಗಳು ಕದಲಲಿಲ್ಲ. ಕೊರಳು ಸವರಿ ಮತ್ತೆ ಕೂಗಿದಳು. ಅವುಗಳ ಬೆನ್ನಿನ ಚರ್ಮ ಅದುರುತ್ತಿತ್ತು. ಏಟು ಎಲ್ಲಿ ಬೀಳುತ್ತದೋ ಎಂದು ಕಾಯುತ್ತ ಅವು ಹಾಗೇ ನಿಂತವು. ನೊಗ ಹೊತ್ತ ದಿನದಿಂದ ಅವಕ್ಕೆ ಕಲಿಸಿದ್ದು ಅದೊಂದೇ. ಜನ ಹೋ ಎಂದು ನಕ್ಕರು. ಅಕ್ಕೋರು ತಾವೇ ಬಂಡಿಗೆ ಹೆಗಲು ಕೊಟ್ಟು ನೂಕಿದರು. ಸೀರೆಗೆ ಮಣ್ಣಾಯಿತೇ ಹೊರತು ಬಂಡಿ ಅಲುಗಲಿಲ್ಲ.

ಭೀಮಶಿ ಬಾರುಕೋಲನ್ನು ಮಗಳ ಕೈಗೇ ತುರುಕಿದ. "ಹೊಡಿ. ಬಂಡಿ ಆ ಕಲ್ಲ ದಾಟಿದ್ರ ಸಾಲಿ. ಇಲ್ಲಂದ್ರ ಮನ್ಯಾಗ ಸಗಣಿ ಬಳಿ."

ರೇಣು ಅಕ್ಕೋರ ಮುಖ ನೋಡಿದಳು. ಬೇಡವೆಂದರೆ ಹುಡುಗಿಯ ಶಾಲೆ ಹೋಯಿತು. ಹೊಡಿ ಎನ್ನಲು ಅವರಿಂದಾಗದು. ಎಂದೂ ಬಾಯಿ ಮುಚ್ಚದ ಹೆಂಗಸು ಸುಮ್ಮನೆ ನಿಂತುಬಿಟ್ಟರು.

ರೇಣು ಹೊಡೆದಳು. ಎರಡನೇ ಏಟಿಗೆ ಬಂಡಿ ಕಿರ್ರೆಂದು ಕದಲಿತು. ಬಲಗಡೆಯ ಎತ್ತಿನ ತೊಡೆ ಸೀಳಿ ರಕ್ತ ಚಿಮ್ಮಿತು. ಜನ ಸಿಳ್ಳೆ ಹಾಕಿದರು. ಬಂಡಿ ಕಲ್ಲು ದಾಟಿತು, ಎತ್ತುಗಳು ನೊರೆ ಸುರಿಸುತ್ತ ನಿಂತವು. ರೇಣು ನಿಲ್ಲಲಿಲ್ಲ. ಊದಿದ ಕೈಯಲ್ಲೇ ಹಲ್ಲು ಕಚ್ಚಿ ಬೀಸುತ್ತಲೇ ಇದ್ದಳು. ಸಿಳ್ಳೆ ನಿಂತುಹೋಯಿತು.

"ಸಾಕ ಬೇ! ಸಾಯ್ತಾವು, ಬಿಡು!" ಎಂದು ಭೀಮಶಿ ಓಡಿಬಂದ.

ಅವಳು ತಿರುಗಿದಳು. ಮುಂದಿನ ಏಟು ಅಪ್ಪನ ಮುಖಕ್ಕೆ ಬಿತ್ತು. ಅದರ ಮುಂದಿನದೂ. ಅವನು ಮುಖ ಹಿಡಿದು ಮೊಣಕಾಲೂರಿದ. ಅಕ್ಕೋರು ಹಿಂದಿನಿಂದ ಹುಡುಗಿಯನ್ನು ತಬ್ಬಿ ಹಿಡಿದರು. ಅವಳು ಒದ್ದಳು, ಅವರ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಬಾರುಕೋಲು ಕೆಳಗೆ ಬೀಳುವ ತನಕ ಅವರು ಹಿಡಿತ ಬಿಡಲಿಲ್ಲ.

ಮರುದಿನ ಭೀಮಶಿಯೇ ಮಗಳನ್ನು ಕರೆತಂದ. ಅವನ ತುಟಿ ಹರಿದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಅವಳಿಂದ ದೂರವೇ ನಿಂತು ಮಾತಾಡಿದ.

"ಮಾತ ಕೊಟ್ಟೇನಿ, ತಂದ ಬಿಟ್ಟೇನಿ. ಇಕಿನ್ನ ನೋಡಿದ್ರ ನನಗs ಅಂಜಿಕಿ ಬರಾಕತ್ತೈತ್ರಿ ಅಕ್ಕೋರ."

"ಗೆದ್ದ್ರಿ ಬಿಡ್ರಿ ಮೇಡಂ" ಎಂದರು ನಮ್ಮ ಹೆಡ್‌ಮಾಸ್ತರರು. ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು ನನಗೆ. ಗೆದ್ದದ್ದು ಯಾರು, ಎಲ್ಲಿ? ಅಕ್ಕೋರು ತರಗತಿಗೆ ನಡೆದರು.

ರೇಣು ಕುಳಿತ ಬೆಂಚಿನಿಂದ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ಸರಿದರು. ಸ್ವಲ್ಪ ಹೊತ್ತಿನ ಮೇಲೆ ನಾನು ಆ ಬಾಗಿಲು ಹಾದು ಹೋದಾಗ ಹಲಗೆಯ ಮುಂದೆ ಅಕ್ಕೋರು ಇರಲಿಲ್ಲ. ಮುಂಗೈಗೆ ಬಟ್ಟೆ ಸುತ್ತಿಕೊಂಡು ಆ ಖಾಲಿ ಬೆಂಚಿನಲ್ಲಿ ರೇಣುವಿಗೆ ಭುಜ ತಾಗಿಸಿ ಕುಳಿತಿದ್ದರು. ಅಲ್ಲಿಂದಲೇ ಘರ್ಷಣೆಯ ಪಾಠ ಮಾಡುತ್ತಿದ್ದರು. ರೇಣು ಅವರತ್ತ ತಿರುಗಿರಲಿಲ್ಲ, ಆದರೆ ಸರಿದೂ ಕುಳಿತಿರಲಿಲ್ಲ.